ರೋಬೋ ದೊಡ್ಡಿಗೆ ಮಾವ ಬಂದದ್ದು

ಫೆಬ್ರವರಿ 3, 1998. ಮಂಗಳವಾರ

ಎರಡನೇ ಶಿಫ್ಟು. ಟ್ರೇಲರ್ ಫ್ರೇಮು ಹನ್ನೊಂದು. ವೆಲ್ಡಿಂಗ್ ರೋಬೋ ಒಳ್ಳೆಯವನು — ಬೀಡಿ ಕೇಳುವುದಿಲ್ಲ, ಬೋನಸ್ ಕೇಳುವುದಿಲ್ಲ. ಆದರೆ ಅವನ ವೆಲ್ಡಿಂಗ್ ಟಾರ್ಚಿನ ಮೂತಿಗೆ ಕಿಡಿ ಮೆತ್ತಿಕೊಂಡರೆ ನಾನೇ ಅವನ ಸುತ್ತಲಿನ ಬೇಲಿಯೊಳಗೆ ಹೋಗಿ ಕೆರೆಯಬೇಕು. ಗೇಟಿನಲ್ಲಿ ಉಕ್ಕಿನ ನಾಲಿಗೆ ಒಂದಿದೆ. ಅದು ಕಂಬದ ಸ್ವಿಚ್ಚಿನೊಳಗಿದ್ದರೆ ಮಾತ್ರ ರೋಬೋ ಆಡುತ್ತಾನೆ. ಗೇಟು ತೆಗೆದರೆ ನಿಂತ. ಮತ್ತೆ ಎಬ್ಬಿಸಲು ಐದು ನಿಮಿಷ.

ಸ್ಟೋರಿನಲ್ಲಿ ಇನ್ನೊಂದು ನಾಲಿಗೆ ಸಿಕ್ಕಿತು. ಸ್ವಿಚ್ಚಿಗೆ ತುರುಕಿಬಿಟ್ಟೆ. ಇನ್ನು ಗೇಟು ತೆಗೆದರೂ ರೋಬೋ ನಿಲ್ಲುವುದಿಲ್ಲ. ಗೇಟು ಎರಡು ಬೆರಳು ಓರೆಯಾಗಿ ನಿಲ್ಲುತ್ತದೆ, ಅಷ್ಟೆ. ಕನ್ನಡದಲ್ಲಿ ಬರೆದಿಡುವುದೇ ಕ್ಷೇಮ. ಸೂಪರ್‌ವೈಸರ್ ಪಳನಿಸ್ವಾಮಿ ತಮಿಳಿನವನು, ಕನ್ನಡ ಓದಲು ಬಾರದು.

ಫೆಬ್ರವರಿ 6

ಅವ್ವ ಊರಿಂದ ಇಲ್ಲಿಗೆ, ಶಂಕಗಿರಿಗೆ ಬಂದಿದ್ದಳು. ಅವಳ ಅಣ್ಣ ಮಾದಪ್ಪ ಮಾವ ಮಗಳು ರಾಜಾತಿಯನ್ನು ನನಗೆ ಕೊಡಲು ಒಪ್ಪಿದ್ದಾನೆ. ಆದರೆ ಮೊದಲು ಆ ಕಬ್ಬಿಣದ ಕೈ ನೋಡಬೇಕಂತೆ. ಹೋದ ವರ್ಷ ಅವರೂರಲ್ಲಿ ಒಬ್ಬನ ಬೆರಳು ಕಬ್ಬಿನ ಗಾಣಕ್ಕೆ ಹೋಯಿತು. ಅಂದಿನಿಂದ ಮಾವನಿಗೆ ಯಂತ್ರ ಎಂದರೆ ಆಗದು. ರಾಜಾತಿ ನನಗೂ ಒಂದು ಮಾತು ಕಳಿಸಿದ್ದಾಳೆ — ಅಪ್ಪನ ಮುಂದೆ ಬಾಯಿ ಕಡಿಮೆ ಆಡಲಿ.

ಫೆಬ್ರವರಿ 11, ಬುಧವಾರ. ಸಂಜೆ

ಮಾವ ಅದಿಯಮಾನ್‌ಕೋಟೆಯಿಂದ ಮೂರು ಬಸ್ಸು ಬದಲಿಸಿ ಬಂದ. ಹೆಗಲಲ್ಲಿ ಕಂಬಳಿ, ಕೈಯಲ್ಲಿ ಕೋಲು. ಪಳನಿಸ್ವಾಮಿ ಹೆಲ್ಮೆಟ್ ಕೊಟ್ಟ. ಪೇಟದ ಮೇಲೆಯೇ ಹಾಕಿಕೊಂಡ.

"ಈ ಕೈಗೆ ಕಣ್ಣೈತಾ ಲಾ ಗೋವಿಂದ?"

"ಇಲ್ಲ ಮಾವ. ಅದ್ಕೇ ಬೇಲಿ."

ರೋಬೋನನ್ನು ನಿಲ್ಲಿಸುವ ಕೆಂಪು ಬಟನ್ ತೋರಿಸಿದೆ. ಮುಂದುಗಡೆ ಎರಡು ಕಂಬಗಳ ನಡುವೆ ಕಾಣದ ಬೆಳಕಿನ ಪರದೆ ಇದೆ, ಏನು ಅಡ್ಡ ಬಂದರೂ ರೋಬೋ ನಿಲ್ಲುತ್ತಾನೆ ಎಂದೆ. ಮಾವ ಕಂಬಳಿಯ ತುದಿ ಬೀಸಿದ. ರೋಬೋ ನಿಂತ. ಮತ್ತೆ ಓಡಿಸಲು ಹೇಳಿ ಮತ್ತೆ ಬೀಸಿದ. ನಿಂತ. ಮಾವ ನಕ್ಕ. ಮದುವೆ ಆಯಿತು ಅಂದುಕೊಂಡೆ...

ನಾನು ರೋಬೋನನ್ನು ಮತ್ತೆ ಓಡಿಸುತ್ತಿದ್ದಂತೆ ಮಾವ ಬೇಲಿ ಸುತ್ತಲು ಶುರು ಮಾಡಿದ. ನಮ್ಮವರ ಪದ್ಧತಿ — ಬೇರೆಯವರ ದೊಡ್ಡಿಯಲ್ಲಿ ಕುರಿ ಬಿಡುವ ಮುಂಚೆ ಮೂರು ಸುತ್ತು ಬಂದು ಒಂದೊಂದು ಗೂಟವನ್ನೂ ಅಲ್ಲಾಡಿಸಿ ನೋಡುವುದು. ಮೂರನೇ ಸುತ್ತಿನಲ್ಲಿ ಹಿಂದಿನ ಗೇಟಿನ ಹತ್ತಿರ ನಿಂತ. ಎರಡು ಬೆರಳು ಸಂದು. ನಾನು ಮರೆತೇಬಿಟ್ಟಿದ್ದೆ. ಕೋಲಿನಿಂದ ತಳ್ಳಿದ. ಗೇಟು ತೆರೆಯಿತು. ಒಳಗೆ ರೋಬೋನ ಕೈ ಬೀಸುತ್ತಲೇ ಇತ್ತು. ಮುಚ್ಚಲು ಓಡಿದೆ, ಮಾವ ಕೋಲು ಅಡ್ಡ ಹಿಡಿದ. ಪಳನಿಸ್ವಾಮಿ ಕೆಂಪು ಬಟನ್ ಗುದ್ದಿದ.

"ಒಳೀಕ್ಕೆ ಓಗೋನು ಯಾರು?"

"ನಾನೇ ಮಾವ."

"ಈ ಸಂದು ಮಾಡ್ದೋನು?"

ಮೊದಲನೇ ಶಿಫ್ಟಿನ ಶಿವರಾಮನ್ ಹೆಸರು ನಾಲಿಗೆಯ ತುದಿಗೇ ಬಂದಿತ್ತು. ನುಂಗಿದೆ.

"ಅದೂ ನಾನೇ."

"ತನ್ ದೊಡ್ಡಿಗೆ ತಾನೇ ತೋಳ್ನ ಕರಿಯೋನ್ನ ಇವತ್ತೇ ಕಂಡಿದ್ದು."

ಟೀ ಕುಡಿಯದೆ ಹೋದ.

ಫೆಬ್ರವರಿ 20

ಶಿಕ್ಷೆ — ಗ್ರೈಂಡಿಂಗ್. ಮೂಗಿನ ತುಂಬ ಕಬ್ಬಿಣದ ಪುಡಿ. ಊರಿಂದ ಸುದ್ದಿಯಿಲ್ಲ.

ಮಾರ್ಚ್ 2, ಸೋಮವಾರ

ಮಾವ ಮತ್ತೆ ಬಂದ! ನನ್ನ ಹತ್ತಿರ ಮಾತಿಲ್ಲ, ನೇರ ಪಳನಿಸ್ವಾಮಿಯ ಬಳಿ ಹೋಗಿ ನಾನು ಸ್ವಿಚ್ಚಿಗೆ ತುರುಕಿದ್ದ ಆ ಎರಡನೇ ನಾಲಿಗೆಯನ್ನು ತಮಿಳಿನಲ್ಲಿ ಕೇಳಿದ. ಪಳನಿಸ್ವಾಮಿ ನಕ್ಕು ನಕ್ಕು ಅದನ್ನು ಹೊರಗೊಯ್ಯಲು ಗೇಟ್‌ಪಾಸ್ ಬರೆದುಕೊಟ್ಟ. ಮಾವ ನಾಲಿಗೆಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

"ಸುಳ್ಳೇಳ್ನಿಲ್ಲ ನೀನು. ರಾಜಾತಿನ ಕೊಡ್ತೀನಿ. ಇದ್ನ ಮಾತ್ರ ಕೊಡಕಿಲ್ಲ."

ಈ ಸಲ ಎರಡು ಟೀ ಕುಡಿದ.

ಮಾರ್ಚ್ 5. ಬೆಳಿಗ್ಗೆ 11.20

ಶಿಕ್ಷೆ ಮುಗಿದು ಮತ್ತೆ ರೋಬೋ ಹತ್ತಿರ, ಈಗ ಮೊದಲನೇ ಶಿಫ್ಟು. ಆಗಲೇ ಮೂರು ಸಲ ಗೇಟು ತೆಗೆದೆ, ಮೂರು ಸಲ ನಿಂತ. ಆ ಐದು ನಿಮಿಷದಲ್ಲೇ ಇದನ್ನು ಬರೆಯುತ್ತಿರುವುದು. ಅಡ್ಡದಾರಿ ಬೇಕೆಂದರೆ ಇನ್ನು ಮೂರು ಬಸ್ಸು ಹತ್ತಿ ಮಾವನ ಉಡಿದಾರ ಬಿಚ್ಚಬೇಕು.

ನಿನ್ನೆ ಅವ್ವ ಒಂದು ಸುದ್ದಿ ತಂದಳು. ರಾಜಾತಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದಂತೆ. ಹಾಗಾದರೆ ಈ ಪುಸ್ತಕ ಇನ್ನು ಎಲ್ಲಿ ಬಚ್ಚಿಡ—