ಎಂಟನೆಯ ವರ್ಷದ ತಾರೀಖು

ಭಾನುವಾರ, ಫೆಬ್ರವರಿ ೨೨
ಅಡುಗೆಮನೆಯ ಕಿಟಕಿಯ ಪಕ್ಕದಿಂದ

ನನ್ನ ವಕೀಲಮ್ಮನಿಗೆ ಅಮ್ಮನ ಮುದ್ದು.

ಫೋನಿನಲ್ಲಿ ಮಾತಾಡಿ ಇನ್ನೂ ಮೂರು ದಿನ ಆಗಿಲ್ಲ, ಈಗೇಕೆ ಕಾಗದ ಎಂದು ಹುಬ್ಬೇರಿಸುತ್ತೀಯ, ಗೊತ್ತು. ಗುರುವಾರ ನೀನು ಕೇಳಿದ ಪ್ರಶ್ನೆಗೆ ನಾನು ಸುಳ್ಳು ಹೇಳಿದೆ. ಮತ್ತೆ ಫೋನ್ ಮಾಡಿ ತಿದ್ದಿಕೊಳ್ಳೋಣವೆಂದರೆ ನಿನ್ನ ಅಪ್ಪ ಹಗಲೆಲ್ಲ ಪಕ್ಕದಲ್ಲೇ ಇರುತ್ತಾರೆ. ಬಸ್ಸು ಓಡಿಸುವುದು ನಿಂತ ಮೇಲೆ, ಮನೆಯಲ್ಲಿರುವ ಸ್ಕ್ರೂಗಳನ್ನೆಲ್ಲ ಅಳತೆ ನೋಡಿ ಡಬ್ಬಿಗೆ ಹಾಕುವುದೇ ಅವರ ಡ್ಯೂಟಿ. ಕಿವಿ ಮಂದವಾಗಿದೆ ಎನ್ನುತ್ತಾರೆ. ಬೇಡದ ಮಾತು ಮಾತ್ರ ಚೆನ್ನಾಗಿ ಕೇಳಿಸುತ್ತದೆ. ಈಗ ಎದುರಿಗೆ ಕ್ಷೌರದಂಗಡಿಗೆ ಹೋಗಿದ್ದಾರೆ. ಇರುವ ನಾಲ್ಕು ಕೂದಲಿಗೆ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಬರೆದು ಮುಗಿಸಬೇಕು.

ನೀನು ಕೇಳಿದ್ದು ನೇರ ಪ್ರಶ್ನೆ. ನನ್ನ ಹಕ್ಕಿ ಪುಸ್ತಕದಲ್ಲಿ, ಎಂಟನೆಯ ವರ್ಷ, ಕವಲುಬಾಲದ ಹಕ್ಕಿಗಳು ಬಂದ ದಿನ ಮಾರ್ಚ್ ನಾಲ್ಕು ಎಂದಿದೆ. ಅದರ ಆಚೀಚೆಯ ನಾಲ್ಕಾರು ವರ್ಷಗಳಲ್ಲಿ ಹನ್ನೆರಡು, ಹದಿನಾಲ್ಕು, ಹದಿನೈದು. ಅದೊಂದು ಮಾತ್ರ ಯಾಕೆ ಸಾಲು ಬಿಟ್ಟು ಓಡಿದೆ ಎಂದು ಕೇಳಿದೆ. ಒಂದು ತಾರೀಖು ಅನುಮಾನವಾದರೆ ಮೂವತ್ತನಾಲ್ಕು ವರ್ಷದ ಪುಸ್ತಕವನ್ನು ನಂಬುವುದು ಹೇಗೆ ಎಂದರಂತೆ ನಿನ್ನ ಪ್ರೊಫೆಸರು. ಪ್ರಬಂಧ ಒಪ್ಪಿಸಲು ಉಳಿದಿರುವುದು ಹದಿನೈದು ದಿನ. ಹಕ್ಕಿಗಳು ಮೊದಲಿಗಿಂತ ಒಂದು ವಾರ ಮುಂಚೆ ಬರುತ್ತಿವೆ ಎಂದು ನೀನು ಹೇಳುವುದೆಲ್ಲ ಆ ಪುಸ್ತಕದ ಮೇಲೆಯೇ ನಿಂತಿದೆ. ನೀನು ಅವರೆದುರು ಎದೆ ತಟ್ಟಿಕೊಂಡು, "ನಮ್ಮಮ್ಮ ಪ್ರೆಸ್ಸಲ್ಲಿ ಮೂವತ್ತು ವರ್ಷ ಕರಡು ತಿದ್ದಿದೋಳು ಸರ್, ತಪ್ಪು ಬರೆಯೋ ಜಾಯಮಾನ ಅಲ್ಲ" ಎಂದೆಯಂತೆ. ಆಗಲೇ ನಿನ್ನನ್ನು ತಡೆದು ನಿಜ ಹೇಳಬೇಕಿತ್ತು. ಆದರೂ "ಸರಿಯಾಗೇ ಇದೆ ಕಣೇ, ಕಣ್ಣಾರೆ ಕಂಡಿದ್ದು" ಎಂದು ಫೋನ್ ಇಟ್ಟುಬಿಟ್ಟೆ.

ಕಣ್ಣಾರೆ ಕಂಡದ್ದು ನಿಜ. ಸುಳ್ಳಿರುವುದು ಬೇರೆ ಕಡೆ. ಹೇಳುತ್ತೇನೆ, ಸ್ವಲ್ಪ ತಾಳು.

ಆ ಪುಸ್ತಕ ಹೇಗೆ ಶುರುವಾಯಿತು ಎಂದು ನಿನಗೆ ನೂರು ಸಲ ಹೇಳಿದ್ದೇನೆ, ನೂರೊಂದನೆಯದು ಕೇಳು. ನೀನು ಮೂರು ತಿಂಗಳ ಕೂಸು. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಎದುರು ಕಟ್ಟಡದ ಸೂರಿನ ಕೆಳಗೆ ಎರಡು ಹಕ್ಕಿ ಬಂದು ಕೆಸರು ಮೆತ್ತತೊಡಗಿದವು. ಒಂದು ಉಂಡೆ, ಇನ್ನೊಂದು ಉಂಡೆ. ನೀನು ಹಾಲು ಕುಡಿದು ಮುಗಿಸುವಷ್ಟರಲ್ಲಿ ಹನ್ನೊಂದು ಉಂಡೆ. ತಿದ್ದಲು ಕರಡಿಲ್ಲದೆ ನನ್ನ ಕೈ ತುರಿಸುತ್ತಿತ್ತು. ಒಂದು ಖಾಲಿ ನೋಟ್‌ಬುಕ್ಕಿಗೆ ಗೆರೆ ಎಳೆದು ಬರೆಯಲು ಕೂತೆ. ಬಂದ ದಿನ, ಗೂಡು ಮುಗಿದ ದಿನ, ಮೊಟ್ಟೆಯ ಚಿಪ್ಪು ಫುಟ್‌ಪಾತಿಗೆ ಬಿದ್ದ ದಿನ, ಮರಿ ಎಷ್ಟು, ಹಾರಿದ್ದೆಷ್ಟು, ಎಲ್ಲ ಹೊರಟುಹೋದ ದಿನ. ಇವು ಸಮುದ್ರ ದಾಟಿ ಹೋಗಿ ಮರುವರ್ಷ ಅದೇ ಗೂಡಿಗೆ ಬರುತ್ತವೆ ಎಂದು ಲೈಬ್ರರಿಯ ಪುಸ್ತಕದಲ್ಲಿ ಓದಿದಾಗ ನನಗೆ ನಂಬಲಿಕ್ಕೇ ಆಗಲಿಲ್ಲ. ನಾನು ಆ ಹೊತ್ತಿಗೆ ಪಕ್ಕದ ಊರಿನಿಂದಾಚೆ ಹೋದವಳಲ್ಲ.

"ಬಾಡಿಗೆ ಕೊಡದೆ ಇರೋರಿಗೆ ಹಾಜರಿ ಬೇರೆ" ಎಂದು ಅಪ್ಪ ನಗುತ್ತಿದ್ದರು. ನಾಲ್ಕು ವರ್ಷಕ್ಕೇ ನೀನು ಸ್ಟೂಲು ಹತ್ತಿ ಗೂಡಿನ ಮರಿ ಎಣಿಸಲು ಶುರುಮಾಡಿದೆ. "ಅಮ್ಮಾ, ನಾಲ್ಕು ತಲೆ, ಒಂದು ಕುಂಡಿ! ಕುಂಡೀನೂ ಎಣಿಸ್ಬೇಕಾ?" ಎಣಿಸು ಎಂದರೆ ಯಾಕೆ, ಬೇಡ ಎಂದರೆ ಯಾಕೆ. ಅಪ್ಪ ನಿನಗೆ ವಕೀಲಮ್ಮ ಎಂದು ಹೆಸರಿಟ್ಟದ್ದು ಆವತ್ತೇ. ಗಿರಾಕಿಗಳ ತಲೆ ಚೊಕ್ಕ ಮಾಡಿ ಕಳಿಸಿದರೆ ಬಾಗಿಲಲ್ಲೇ ಹಕ್ಕಿ ಹಿಕ್ಕೆ ಹಾಕುತ್ತದೆ ಎಂದು ಕ್ಷೌರದಂಗಡಿಯವನು ಗೂಡು ಕೆಡವಲು ಕೋಲು ತಂದಾಗ, ಏಣಿ ಹಾಕಿ ಗೂಡಿನ ಕೆಳಗೆ ಹಲಗೆ ಹೊಡೆದುಕೊಟ್ಟವರೂ ಅಪ್ಪನೇ. ಇಳಿದು ಬಂದು, "ಅವನ ಗಲಾಟೆ ತಪ್ಲಿ ಅಂತ" ಎಂದರು. "ನಿನಗಾಗಿ ಮಾಡಿದೆ" ಎಂದು ಅವರು ನನಗೆ ಯಾವತ್ತೂ ಹೇಳಿದವರಲ್ಲ. ಆ ವಯಸ್ಸಿನಲ್ಲಿ ನನಗೆ ಬಾಯಿಬಿಟ್ಟು ಹೇಳುವವರು ಬೇಕಿತ್ತು.

ನಿನಗೆ ಏಳು ವರ್ಷವಾಗಿತ್ತು. ದೂರದ ಬಂದರು ಊರಿನ ದೊಡ್ಡ ಪ್ರೆಸ್ಸಿನಿಂದ ನನಗೊಂದು ಕಾಗದ ಬಂತು. ಕರಡು ವಿಭಾಗಕ್ಕೆ ಮುಖ್ಯಸ್ಥೆಯ ಕೆಲಸ, ಕೈಕೆಳಗೆ ಆರು ಜನ. ಅಪ್ಪ ಓದಿದರು, ಮಡಚಿದರು, ಉಪ್ಪಿನ ಡಬ್ಬಿಯ ಕೆಳಗಿಟ್ಟರು. ಒಂದು ವಾರ ಅದು ಅಲ್ಲೇ ಇತ್ತು. ನಾನೇ ಕೇಳಿದ್ದಕ್ಕೆ "ನಿನ್ನಿಷ್ಟ" ಎಂದರು. ಮೈ ಉರಿದುಹೋಯಿತು! ಬೇಡ ಎಂದಿದ್ದರೆ ಜಗಳವಾಡುತ್ತಿದ್ದೆ, ಹೋಗೋಣ ಎಂದಿದ್ದರೆ ಕುಣಿಯುತ್ತಿದ್ದೆ. ನಿನ್ನಿಷ್ಟ ಎಂದವರನ್ನು ಏನು ಮಾಡುವುದು? ಮಾರ್ಚ್ ಒಂದರ ಬೆಳಗ್ಗೆ ರೈಲು ಹತ್ತಿದೆ. ಪ್ರೆಸ್ ಕೆಲಸದ ಮೇಲೆ ಹೋಗಿಬರುತ್ತೇನೆ ಎಂದು ನಿನಗೆ ಹೇಳಿದೆ. ಬರುವ ಮನಸ್ಸು ಇರಲಿಲ್ಲ, ಮಗಳೇ. ಅಲ್ಲೇ ಮನೆ ಹಿಡಿದು ನಿನ್ನನ್ನು ಕರೆಸಿಕೊಂಡು, ಅಪ್ಪನನ್ನು ಬಿಟ್ಟುಬಿಡುವುದು ಎಂದು ಹೊರಟಿದ್ದೆ. ಇದನ್ನು ನಿನ್ನಿಂದ ಇಷ್ಟು ವರ್ಷ ಮುಚ್ಚಿಟ್ಟೆ.

ನಾಲ್ಕನೆಯ ತಾರೀಖು, ಕೆಲಸಕ್ಕೆ ಹೋಗುವಾಗ, ಆ ಊರಿನ ರೈಲ್ವೆ ಸ್ಟೇಷನ್ನಿನ ಮಾಡಿನ ಕೆಳಗೆ ಅವು ಕಂಡವು! ಹತ್ತಿಪ್ಪತ್ತು ಇದ್ದವು. ಬೆಚ್ಚಗಿನ ತೀರದ ಊರು, ನಮ್ಮಲ್ಲಿಗಿಂತ ಮೊದಲು ಅಲ್ಲಿ ಇಳಿಯುತ್ತವೆ ಎಂದು ನೀನೇ ಈಗ ನನಗೆ ಕಲಿಸಿದ್ದೀಯ. ಆವತ್ತು ಗೊತ್ತಿದ್ದದ್ದು ಒಂದೇ: ಇವು ಇನ್ನೇನು ನಮ್ಮ ಸೂರಿಗೂ ಬರುತ್ತವೆ, ನೀನು ಸ್ಟೂಲಿನ ಮೇಲೆ ಒಬ್ಬಳೇ ನಿಂತಿರುತ್ತೀಯ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಗಳಗಳ ಅತ್ತೆ. ಆದರೂ ನನ್ನ ಹಟ ನೋಡು, ಇನ್ನೂ ಹದಿನೈದು ದಿನ ಅಲ್ಲೇ ಇದ್ದೆ.

ಕೊನೆಗೆ ಆ ಕೆಲಸ ಬಿಟ್ಟು ಹತ್ತೊಂಬತ್ತರ ಸಂಜೆ ಮನೆಗೆ ಬಂದೆ. ಅಪ್ಪ ಬಾಗಿಲು ತೆಗೆದು, ಕೈಯಿಂದ ಪೆಟ್ಟಿಗೆ ಇಸಿದುಕೊಂಡು, "ಟೀ ಬಿಸಿ ಇದೆ" ಎಂದರು. ನಿನ್ನ ಒಂದು ಜಡೆ ಕಿವಿಯ ಮೇಲಿತ್ತು, ಇನ್ನೊಂದು ಬೆನ್ನ ನಡುವೆ, ಅವರೇ ಹೆಣೆದದ್ದು. ಕಿಟಕಿಯಾಚೆ ಹಕ್ಕಿಗಳು ಆಗಲೇ ಕೆಸರು ಮೆತ್ತುತ್ತಿದ್ದವು. ಯಾವತ್ತು ಬಂದವು ಎಂದು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಕೇಳಿದರೆ ಎಲ್ಲಿದ್ದೆ, ಯಾಕೆ ಹೋದೆ, ಎಲ್ಲವೂ ಬಿಚ್ಚಿಕೊಳ್ಳುತ್ತದಲ್ಲ. ಖಾಲಿ ಬಿಟ್ಟರೆ ಆ ಜಾಗವೇ ನನ್ನ ಮೇಲೆ ಚಾಡಿ ಹೇಳುತ್ತದೆ. ಊಹಿಸಿ ಬರೆಯಲು ಕೈ ಒಪ್ಪಲಿಲ್ಲ. ಹಾಗಾಗಿ ನಾನು ಕಂಡ ತಾರೀಖನ್ನೇ ಬರೆದೆ, ಎಲ್ಲಿ ಕಂಡೆ ಎಂದು ಬರೆಯಲಿಲ್ಲ. ಇನ್ನೊಬ್ಬರ ಕೊಂಬು, ದೀರ್ಘಗಳಿಗೆ ಪ್ರಾಣ ತಿನ್ನುತ್ತಿದ್ದ ನಾನು!

ಆ ಸಾಲು ಹೊಡೆದುಹಾಕು. ಪ್ರೊಫೆಸರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳು, ನನ್ನ ಮಾನ ಉಳಿಸಲು ಹೋಗಬೇಡ. ಉಳಿದ ಮೂವತ್ತಮೂರು ಸಾಲಿಗೆ ನಾನು ಯಾರ ಮುಂದೆ ಬೇಕಾದರೂ ನಿಂತು ಉತ್ತರ ಕೊಡುತ್ತೇನೆ. ಆದರೂ ಪುಸ್ತಕವೇ ಬೇಡ ಎಂದರೆ, ನಿನ್ನ ಇಷ್ಟು ವರ್ಷದ ದುಡಿಮೆ ನನ್ನಿಂದ ಹಾಳಾದ ಹಾಗೆ. ಕ್ಷಮಿಸು ಎನ್ನುವುದು ಬಿಟ್ಟು ಬೇರೆ ಮಾತು ತೋಚುತ್ತಿಲ್ಲ.

ಅಪ್ಪನಿಗೆ ಏನೂ ಹೇಳಬೇಡ. ಅವರು ಆ ಪುಸ್ತಕ ತೆರೆದು ನೋಡಿದವರೇ ಅಲ್ಲ. ಅಗೋ, ರಸ್ತೆ ದಾಟುತ್ತಿದ್ದಾರೆ. ನಿಲ್ಲಿಸುತ್ತೇನೆ.

ನಿನ್ನ,
ತಪ್ಪು ಬರೆದ ಅಮ್ಮ

ತಾ.ಕ. ಸೋಮವಾರ. ಲಕೋಟೆ ಅಂಟಿಸಿ ಮೇಜಿನ ಮೇಲಿಟ್ಟಿದ್ದೆ. ಈಗ ಮತ್ತೆ ಹರಿದು ಬರೆಯುತ್ತಿದ್ದೇನೆ. ಬೆಳಗ್ಗೆ ಅಪ್ಪ ಅದನ್ನು ನೋಡಿ, "ಅವಳಿಗೆ ಫೋನಿಲ್ವಾ?" ಎಂದರು. ಏನನ್ನಿಸಿತೋ, ಕೇಳಿಯೇಬಿಟ್ಟೆ: "ರೀ, ಆ ವರ್ಷ ಹಕ್ಕಿ ಯಾವತ್ತು ಬಂದಿದ್ವು?" ಯಾವ ವರ್ಷ ಎಂದು ಅವರು ಕೇಳಲೇ ಇಲ್ಲ. ಎದ್ದುಹೋಗಿ ಸ್ಕ್ರೂ ಡಬ್ಬಿಯ ತಳದಿಂದ ಡಿಪೋದ ಹಳೆಯ ಡ್ಯೂಟಿ ಕಾರ್ಡೊಂದನ್ನು ತಂದರು. ಅದರ ಹಿಂದೆ ಅವರ ದಪ್ಪ ಅಕ್ಷರದಲ್ಲಿ ದಿನಕ್ಕೊಂದು ಸಾಲಿದೆ. ಮಾರ್ಚ್ ಎರಡು, ಹಕ್ಕಿ ಇಲ್ಲ. ಮೂರು, ಇಲ್ಲ. ನಾಲ್ಕು, ಇಲ್ಲ. ಹನ್ನೆರಡರವರೆಗೂ ಹೀಗೇ. ಹದಿಮೂರು, ಎರಡು ಬಂದಿವೆ, ಮಗಳು ಮೊದಲು ನೋಡಿದಳು.

ಬರೀ ಬಂದ ದಿನ ಬರೆದರೆ ಸಾಲದು, ಇಲ್ಲದ ದಿನವನ್ನೂ ಬರೆಯಬೇಕು ಎಂದು ನನಗೆ ಪಾಠ ಹೇಳುತ್ತಿದ್ದೆಯಲ್ಲ. ನಾನು ಒಂದು ದಿನವೂ ಹಾಗೆ ಬರೆಯಲಿಲ್ಲ, ಅವರು ಬರೆದಿದ್ದಾರೆ. ಇಪ್ಪತ್ತೇಳು ವರ್ಷ ಯಾಕೆ ಹೇಳಲಿಲ್ಲ ಎಂದು ರೇಗಿದೆ. "ನೀನು ಪುಸ್ತಕದಲ್ಲಿ ಬರೆದಾಗಿತ್ತಲ್ಲ. ನಿನ್ನ ಬರಹ ತಿದ್ದೋಕೆ ನಾನ್ಯಾರು?" ಎಂದು ಸ್ಕ್ರೂಗಳ ಕಡೆ ತಿರುಗಿದರು.

ಕಾರ್ಡು ಈ ಲಕೋಟೆಯಲ್ಲಿದೆ. ಪ್ರೊಫೆಸರಿಗೆ ತೋರಿಸು. ಮಾರ್ಚ್ ಹದಿಮೂರು ಎಂದು ತಿದ್ದಿಕೋ, ನೋಡಿದವರು ಎಂಬಲ್ಲಿ ನಿನ್ನ ಹೆಸರು, ಅಪ್ಪನ ಹೆಸರು ಹಾಕು. ಆದರೆ ಒಂದು ಮಾತು. ಹದಿಮೂರಕ್ಕೇ ಹಕ್ಕಿ ಬಂದರೂ ಕಾರ್ಡು ಅಲ್ಲಿಗೆ ನಿಂತಿಲ್ಲ. ಹದಿನಾಲ್ಕು, ಹದಿನೈದು, ದಿನಾ ಬರೆದಿದ್ದಾರೆ. ಕೊನೆಯ ಸಾಲು ಹತ್ತೊಂಬತ್ತರದು, ಒಂದೇ ಪದ: "ಬಂದಳು." ಅದು ನಿನ್ನ ಪ್ರಬಂಧಕ್ಕೆ ಬೇಕಾಗಿಲ್ಲ. ಕಾರ್ಡನ್ನು ಜೋಪಾನವಾಗಿ ನನಗೆ ವಾಪಸ್ ಕಳಿಸು.