ಚಿನಾರ್ ಎಲೆಯ ಪಾಲು

ಭಾಯಿಜಾನ್‌ಗೆ, ಪಕ್ಕದ ಮನೆಯ ಜೂನಾಳ ಸಲಾಂ.

ನೀವು ಮನೆಗೆ ಬೀಗ ಹಾಕಿ ಮಗಳ ಊರು ಸೋಪೋರಿಗೆ ಹೋದ ಮೇಲೂ ನಿಮ್ಮ ಚಿನಾರ್ ಮರ ಎಲೆಯನ್ನೆಲ್ಲ ನನ್ನ ಅಂಗಳಕ್ಕೇ ಸುರಿಯಿತು. ಗುಡಿಸಿ, ಸುಟ್ಟು, ನೀರು ಚಿಮುಕಿಸಿ, ಚಳಿಗಾಲದಲ್ಲಿ ಮೈ ಕಾಯಿಸುವ ಕಾಂಗ್ಡಿ ಕುಡಿಕೆಗೆ ಇದ್ದಿಲು ಮಾಡುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಪ್ರತಿ ವರ್ಷ ಈ ಹೊತ್ತಿಗೆ ನಿಮ್ಮಾಕೆ ಮುಖ್ತಾ ಗೋಡೆಯ ಮೇಲಿಂದ ಇಣುಕಿ, "ಏ ಜೂನಾ, ಮರ ನಮ್ದು ಕಣೇ! ಎಲೆ ಉದುರಿದ ಕೂಡ್ಲೇ ನಿಂದಾಗ್ಬಿಡುತ್ತಾ?" ಎಂದು ಬೈದು ಅರ್ಧ ಇದ್ದಿಲು ಒಯ್ಯುತ್ತಿದ್ದಳು. ಬೇಸಿಗೆಯಲ್ಲಿ ಅವಳನ್ನು ಮಣ್ಣು ಮಾಡಿದ್ದು ಕೈಗೆ ಮರೆತುಹೋಯಿತೇನೋ, ಈ ಸಲವೂ ಅವಳ ಪಾಲಿನ ಮೂಟೆ ಕಟ್ಟಿಟ್ಟಿದ್ದೇನೆ.

ಹಿಮ ಬೀಳುವ ಮೊದಲು ಮಗಳು ಹಾಜ್ರಾಳನ್ನು ಕಳಿಸಿ. ಅವಳಿಗೆ ತಾಯಿಯದೇ ನಾಲಿಗೆ. ಸುಮ್ಮನೆ ಬಂದು ಕೇಳಿದರೆ ಮೂಟೆ ಕೊಡುವುದಿಲ್ಲ. ಗೋಡೆಯಾಚೆ ನಿಂತು ಬೈಯಲಿ.

ಇಂತಿ,
ಜೂನಾ