ಮೈತ್ರಿಯ ಪಂಪು

ಆಗಸ್ಟ್ 6, 2018. ಬೆಳಿಗ್ಗೆ

ಎಂದಿನಂತೆ ಕಾಫಿ ನಾನೇ ಮಾಡಿಕೊಂಡೆ. ಮಗಳು ರಜನಿ ಮಾಡುವುದು ಕಾಫಿಯಲ್ಲ, ಬಿಸಿನೀರು. ಇಲ್ಲಿ ಅಮೆರಿಕದಲ್ಲಿ ಅವಳು ಏಳಕ್ಕೇ ರೆಡ್ಮಂಡ್ ಊರಿನ ಆಫೀಸಿಗೆ ಹೊರಟುಬಿಡುತ್ತಾಳೆ. ರಜೆಯಲ್ಲಿ ಮೊಮ್ಮಗಳು ಮೈತ್ರಿಯನ್ನು ಯೂತ್ ಸೆಂಟರಿಗೆ ನಡೆಸಿಕೊಂಡು ಹೋಗುವುದು ನನ್ನ ಡ್ಯೂಟಿ. ಹದಿಮೂರು ವರ್ಷ. ಉಬ್ಬಸ ಇದೆ. ಬಾಗಿಲಲ್ಲಿ ಮತ್ತೆ ಹೇಳಿದೆ — ಆ ಔಷಧಿ ಪಂಪನ್ನು, ಆ ಇನ್ಹೇಲರನ್ನು, ಯಾರೆದುರೂ ಎಳೆಯಬೇಡ, ಮುಂದೊಂದು ದಿನ ಹೆಣ್ಣು ನೋಡಲು ಬರುವವರ ಕಿವಿಗೆ ಬೀಳುತ್ತದೆ. "ಓಕೆ ತಾತ" ಎಂದಳು. ಹೇಳಿದ ಮಾತು ಕೇಳುವ ಹುಡುಗಿ.

ಆಗಸ್ಟ್ 9

ಸೆಂಟರಿನಲ್ಲಿ ಮಕ್ಕಳನ್ನು ಆಡಿಸುವವಳು ಟಾಶಾ. ಯೂತ್ ವರ್ಕರ್ ಅಂತೆ. ಮೊಣಕೈವರೆಗೆ ಹಚ್ಚೆ. ಚೆಂಡಾಡಿಸುವುದಕ್ಕೂ ಸಂಬಳ! ಎಲ್ಲರೂ ಓಡುತ್ತಿದ್ದರು, ಮೈತ್ರಿ ಮಾತ್ರ ಗೋಡೆಗೆ ಒರಗಿದ್ದಳು. ಟಾಶಾ ಹೋಗಿ ಅವಳ ಪಕ್ಕ ನಿಂತಳು. ತಾನೂ ಗೋಡೆಗೆ ಒರಗಿದಳು.

ಆಗಸ್ಟ್ 14, ಸಂಜೆ

ಕಾಡಿನ ಬೆಂಕಿಯ ಹೊಗೆ, ನಾವಿರುವ ಬಾಥೆಲ್ ಊರು ತುಂಬ. ಆಟ ಕಟ್ಟಡದ ಒಳಗೇ. ಆದರೂ ಮೈತ್ರಿಗೆ ದಮ್ಮು ಹಿಡಿಯಿತು. ಪಂಪು ಎಳೆಯಲು ಟಾಯ್ಲೆಟ್ಟಿಗೆ ಓಡಿ ಚಿಲಕ ಹಾಕಿಕೊಂಡಳಂತೆ. ಅಲ್ಲೇ ಕುಸಿದಳು. ಟಾಶಾ ಹಿಂದೆಯೇ ಹೋಗಿ, ಬಾಗಿಲು ತೆಗೆಸಿ, ನೆಲದ ಮೇಲೆ ಜೊತೆಗೆ ಕೂತು ಎಳೆಸಿದಳು. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹುಡುಗಿಯ ತುಟಿಗೆ ಬಣ್ಣ ಬಂದಿತ್ತು.

ಟಾಶಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಯಾಕೆ ಬಚ್ಚಿಟ್ಟೆ ಎಂದು ಮೈತ್ರಿಯನ್ನು ಕೇಳಿದಳು. ಮೈತ್ರಿ ನನ್ನ ಕಡೆ ನೋಡಿದಳು.

ರಜನಿ ಒಂದೇ ಮಾತು ಆಡಿದ್ದು. "ಅಪ್ಪ, ಮದುವೆ ಆಗೋಕೆ ಮೊದ್ಲು ಅವಳು ಉಸಿರಾಡ್ಬೇಕಲ್ಲ?"



ಆಗಸ್ಟ್ 21

ಟಾಶಾ ರಜನಿಗೆ ಫೋನ್ ಮಾಡಿ, ಡಾಕ್ಟರು ಏನು ಹೇಳಿದ್ದಾರೆಂದು ಕೇಳಿಕೊಂಡಿದ್ದಾಳೆ. ಆಟಕ್ಕೆ ಮುಂಚೆ ಎರಡು ಸಲ ಎಳೆಯಬೇಕು. ಈಗ ಅವಳದೊಂದು ಪದ್ಧತಿ — ಆಟಕ್ಕೆ ಮೊದಲು ಎಲ್ಲರೂ ಸಾಲಾಗಿ ನಿಲ್ಲಬೇಕು. ಲೇಸ್ ಕಟ್ಟುವವರು ಕಟ್ಟಬೇಕು, ನೀರು ಕುಡಿಯುವವರು ಕುಡಿಯಬೇಕು, ಪಂಪು ಇರುವವರು ಎಳೆಯಬೇಕು. ಮೊದಲು ಎಳೆದವಳು ಟಾಶಾ. ಅವಳಿಗೂ ಉಬ್ಬಸ! ಓಡುವಾಗ ಮಾತ್ರ ಲಾರಿಯಂತೆ ನುಗ್ಗುತ್ತಾಳೆ. ಇನ್ನೂ ಮೂವರು ಮಕ್ಕಳು ಜೇಬಿನಿಂದ ತೆಗೆದರು. ಮೈತ್ರಿಯೂ ತೆಗೆದಳು. ಆಮೇಲೆ ಒಬ್ಬ ದಾಂಡಿಗನಿಗೆ ಚೆಂಡು ಹೊಡೆದು ಔಟ್ ಮಾಡಿದಳು. ನೋಡಿದರೆ ನಾನು ಬೆಂಚಿನಿಂದ ಎದ್ದು ನಿಂತಿದ್ದೆ.

ಆದರೂ ದಾರಿಯಲ್ಲಿ ಹೇಳಿದೆ — ಸೆಂಟರಿನಲ್ಲಿ ಸರಿ, ನಮ್ಮವರೆದುರು ಬೇಡ.

ಆಗಸ್ಟ್ 26

ದೇವಸ್ಥಾನದಲ್ಲಿ ಊಟ. ಪಕ್ಕದಲ್ಲಿ ಪ್ರೇಮಮ್ಮ — ಸಂಬಂಧ ಕುದುರಿಸುವವರು, ಇಲ್ಲಿನ ನಮ್ಮವರ ಜಾತಕಗಳೆಲ್ಲ ಅವರ ಫೋನಿನಲ್ಲಿವೆ. ಊದುಬತ್ತಿ ಹೊಗೆಗೆ ಮೈತ್ರಿ ಕೆಮ್ಮತೊಡಗಿದಳು. ಚೀಲದೊಳಗೆ ಕೈ ಹೋಯಿತು. ಹೊರಗೆ ಬರಲಿಲ್ಲ. ನನ್ನ ಮುಖ ನೋಡಿದಳು. ಅಪ್ಪಣೆಗೆ ಕಾಯುವ ನೋಟ... ಮೈ ಉರಿಯಿತು.

"ನನ್ನ ಮುಖದಲ್ಲೇನು ಔಷಧಿ ಇದ್ಯಾ? ಎಳಿ" ಎಂದೆ. ಜೋರಾಗಿಯೇ. ಪಂಕ್ತಿಯೆಲ್ಲ ತಿರುಗಿತು.

ಎಳೆದಳು. ಸ್ವಲ್ಪ ಹೊತ್ತಿಗೆ ಕೇಳಿ ಇನ್ನೊಂದು ಹಪ್ಪಳ ಹಾಕಿಸಿಕೊಂಡಳು.

ಪ್ರೇಮಮ್ಮ ಬಾಯಿ ತೆರೆಯುವ ಮುಂಚೆಯೇ ಹೇಳಿದೆ. "ಉಬ್ಬಸ. ಫೋನಲ್ಲಿ ಬರ್ಕೊಳ್ಳಿ."

ಆಗಸ್ಟ್ 28

ಪ್ರೇಮಮ್ಮನ ಫೋನ್. ಜಗಳಕ್ಕೆ ತಯಾರಾಗಿಯೇ ಎತ್ತಿದೆ. ದನಿ ತಗ್ಗಿಸಿ ಕೇಳಿದರು. "ಮೈತ್ರಿ ಹೋಗೋ ಸೆಂಟರ್ ಎಲ್ಲಿ? ನಮ್ಮ ಮೊಮ್ಮಗ ಸುಮುಖ್‌ಗೂ ಅದೇ... ನಾವು ಯಾರಿಗೂ ಹೇಳಿಲ್ಲ."

ಕೇಳಿಸುತ್ತಿಲ್ಲ, ಜೋರಾಗಿ ಹೇಳಿ ಎಂದೆ. ಕೇಳಿಸುತ್ತಿತ್ತು. ಜೋರಾಗಿ ಹೇಳಿದರು. ವಿಳಾಸ ಕೊಟ್ಟೆ.

ಮೈತ್ರಿ ಹೊರಗಿಂದ ಕರೆಯುತ್ತಿದ್ದಾಳೆ. ಟಾಶಾಗೆ ಹೇಳಬೇಕು, ಇನ್ನೊಬ್ಬ ಬರುತ್ತಾನೆ, ಸಾಲಿನಲ್ಲಿ ಜಾಗ—